ಹಳದಿ ಬಟ್ಟೆಯಲ್ಲಿ ಕಟ್ಟಿದ ಹಸು

ಶಿಡ್ಲಘಟ್ಟ
12 ಜೂನ್ 1987

ಪ್ರೀತಿಯ ನರಸೂ,

ನಾನಿಲ್ಲಿ ಚೆನ್ನಾಗಿದ್ದೇನೆ. ನೀನು ಚೆನ್ನಾಗಿಲ್ಲ ಅನ್ನುವುದು ನಿನ್ನ ಪತ್ರ ಬಿಚ್ಚುವ ಮೊದಲೇ ಗೊತ್ತಾಯಿತು. ಚಿಂತಾಮಣಿ ಹೈಸ್ಕೂಲಿನಲ್ಲಿ ನಿನ್ನ ಪಕ್ಕದಲ್ಲೇ ಒಂದೇ ಬೆಂಚಿನಲ್ಲಿ ಕೂತವಳು ನಾನು. ನಿನಗೆ ಬೇಜಾರಾದರೆ ನಿನ್ನ ಅಕ್ಷರವೆಲ್ಲ ಬಲಕ್ಕೆ ವಾಲುತ್ತದೆ. ವಿಳಾಸದಲ್ಲಿ ‘ಹಮೀದಾ ಬೇಗಂ’ ಅನ್ನುವುದೇ ಮಲಗಿಬಿಟ್ಟಿತ್ತು.

ನಿಮ್ಮ ಯಜಮಾನರ ಸಂಬಳ ಒಂದನೇ ತಾರೀಖು ಬಂದು ಹದಿನೈದರೊಳಗೆ ಮಾಯವಾಗುತ್ತದೆ ಅಂತ ಬರೆದಿದ್ದೀಯ. ಆಂಜನಪ್ಪನವರು ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ. ಗೌರಿಬಿದನೂರಿನ ಮಿಲ್ಲಿನಲ್ಲಿ ಯಾರಾದರೂ ಮುಖ ಸಣ್ಣಗೆ ಮಾಡಿಕೊಂಡು ಮುಂದೆ ನಿಂತರೆ ಸಾಕು, ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಇದು ಕೆಟ್ಟ ಚಾಳಿಯಲ್ಲ ಕಣೇ, ಅದಕ್ಕೇ ಬಿಡಿಸುವುದು ಕಷ್ಟ. ಕುಡುಕನಾದರೆ ಊರೆಲ್ಲ ಬೈಯುತ್ತದೆ. ದಾನಿಗೆ ಹೆಂಡತಿ ಒಬ್ಬಳೇ ಬೈಯಬೇಕು.

ಬೈಯುವುದು ಬಿಡು, ನಾನು ಹೇಳಿದಂತೆ ಮಾಡು. ಅಡುಗೆಗೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕು. ಒಂದು ಹಿಡಿ ಕಡಿಮೆಯಾದದ್ದು ಯಾರ ಹೊಟ್ಟೆಗೂ ಗೊತ್ತಾಗುವುದಿಲ್ಲ. ತಿಂಗಳ ಕೊನೆಗೆ ಆ ಡಬ್ಬಿಯ ಅಕ್ಕಿ ಉಂಡು, ಅಂಗಡಿಗೆ ಕೊಡಬೇಕಾಗಿದ್ದ ದುಡ್ಡನ್ನು ಎತ್ತಿಡು. ಬಟ್ಟೆ ಸೋಪಿನ ಬಾರನ್ನು ತಂದ ದಿನವೇ ತುಂಡು ಮಾಡಿ ಬಿಸಿಲಲ್ಲಿ ಒಣಗಿಸು, ಸವೆಯುವುದು ನಿಧಾನ. ಸಂತೆಯಲ್ಲಿ ಏನಾದರೂ ಕಣ್ಣಿಗೆ ಬಿದ್ದರೆ ಕೊಳ್ಳಬೇಡ. ಮನೆಗೆ ಬಂದು ಅಡುಗೆಮನೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆ. ಮುಂದಿನ ಸಂತೆಗೂ ಅದು ಬೇಕು ಅನಿಸಿದರೆ ಆಗ ತಗೋ. ನನ್ನ ಗೋಡೆಯ ಮೇಲೆ ಹೋದ ವರ್ಷ ಬರೆದದ್ದರಲ್ಲಿ ಮುಕ್ಕಾಲು ಪಾಲು ಅಲ್ಲೇ ಅಳಿಸಿಹೋಗಿದೆ.

ನಮ್ಮ ಮನೆ ವಿಷಯ ನಿನಗೆ ಗೊತ್ತಲ್ಲ, ಇವರು ರೇಷ್ಮೆ ನೂಲು ತೆಗೆಸುತ್ತಾರೆ. ಗೂಡು ಬೇಯಿಸುವ ಒಲೆ ಬೆಳಿಗ್ಗೆಯಿಂದ ಉರಿಯುತ್ತಲೇ ಇರುತ್ತದೆ. ಆ ಕೆಂಡದ ಮೇಲೇ ನಾನು ಬೇಳೆ ಇಡುತ್ತೇನೆ. ಸೀಮೆಎಣ್ಣೆ ಖರ್ಚು ಅರ್ಧಕ್ಕೆ ಇಳಿದಿದೆ. ಬೇಳೆಗೆ ಹುಳದ ವಾಸನೆ ಬರುತ್ತದೆ ಅಂತ ಎಲ್ಲರೂ ಅನ್ನುತ್ತಾರೆ, ಅಂದುಕೊಂಡೇ ಇನ್ನೊಂದು ಸಲ ಹಾಕಿಸಿಕೊಳ್ಳುತ್ತಾರೆ.

ಉಳಿಸುವುದು ಇಷ್ಟೇ. ಉಳಿದದ್ದನ್ನು ಕಾಯುವುದೇ ದೊಡ್ಡ ಕೆಲಸ. ನಾನು ಹಸಿರು ಬಟ್ಟೆಯಲ್ಲಿ ಗಂಟು ಕಟ್ಟಿ ಗೋಡೆಯ ಗೂಡಿನಲ್ಲಿ ಇಟ್ಟಿದ್ದೇನೆ. ಮುರುಗಮಲ್ಲದ ದರ್ಗಾಕ್ಕೆ ಅಂತ ಅದರ ಹೆಸರು. ಇವರಾಗಲಿ, ನಮ್ಮತ್ತೆ ಜಾನ್ ಬೀ ಆಗಲಿ ಅದರ ಕಡೆ ಬೆರಳು ಕೂಡ ಚಾಚಿಲ್ಲ. ಒಬ್ಬರಿಗೂ ಅನುಮಾನ ಬಂದಿಲ್ಲ ಅಂದರೆ ನನ್ನ ಜಾಣತನ ಲೆಕ್ಕ ಹಾಕು. ನಿಮ್ಮಲ್ಲಿ ತಿರುಪತಿಯ ಮುಡುಪು ಇದೆಯಲ್ಲ, ಹಳದಿ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿ ಇಡುವುದು. ನೀನೂ ಹಾಗೇ ಮಾಡು. ಸ್ವಾಮಿಗೆ ಮೋಸ ಮಾಡಿದ ಹಾಗಲ್ಲ, ಸ್ವಲ್ಪ ದಿನ ಕಾವಲಿಗೆ ಇಟ್ಟುಕೊಂಡ ಹಾಗೆ.

ಇಷ್ಟನ್ನು ಕಾರ್ಡಿನಲ್ಲೇ ಸಣ್ಣಗೆ ಬರೆದಿದ್ದರೆ ಕಾಸು ಉಳಿಯುತ್ತಿತ್ತು. ಆದರೆ ಕಾರ್ಡನ್ನು ದಾರಿಯಲ್ಲಿ ಹೋಗುವವರೆಲ್ಲ ಓದುತ್ತಾರೆ. ನಿನ್ನ ಗುಟ್ಟಿಗಾಗಿ ಇನ್‌ಲ್ಯಾಂಡ್ ಲೆಟರ್ ದಂಡ ತೆತ್ತಿದ್ದೇನೆ, ಜ್ಞಾಪಕ ಇಟ್ಟುಕೋ.

ನಿನ್ನ
ಹಮೀದಾ


ಮಂಚೇನಹಳ್ಳಿ
3 ಜುಲೈ 1987

ಹಮೀದಾ,

ಇನ್‌ಲ್ಯಾಂಡ್‌ನಲ್ಲಿ ಬರೆದದ್ದು ಒಳ್ಳೆಯದೇ ಆಯಿತು. ನಮ್ಮತ್ತೆ ಅಮ್ಮಾಜಮ್ಮನಿಗೆ ಓದು ಬರುವುದಿಲ್ಲ. ಆದರೆ ಕಾರ್ಡು ಬಂದರೆ ಪೋಸ್ಟ್‌ಮ್ಯಾನ್ ಕೋನಪ್ಪನನ್ನು ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ಪೂರ್ತಿ ಓದಿಸಿ ಕೇಳುತ್ತಾರೆ. ಅಂಟಿಸಿದ ಕಾಗದ ಮಾತ್ರ ಯಾರ ಹೆಸರಿಗಿದೆಯೋ ಅವರಿಗೇ ಕೊಡುತ್ತಾರೆ. ಅವರ ನ್ಯಾಯ ಹಾಗೆ.

ನೀನು ಹೇಳಿದ್ದನ್ನೆಲ್ಲ ಶುರು ಮಾಡಿದೆ. ಹಿಡಿ ಅಕ್ಕಿಯ ಡಬ್ಬಿಯನ್ನು ಮೊದಲ ವಾರವೇ ನಮ್ಮವರು ಕಂಡುಹಿಡಿದು, ಇದೇನು ಮನೆಯಲ್ಲಿ ಅಕ್ಕಿ ಹೆಚ್ಚಾಗಿದೆ ಅಂತ ಸ್ನೇಹಿತರೊಬ್ಬರನ್ನು ಊಟಕ್ಕೆ ಕರೆತಂದರು. ಸೋಪನ್ನು ಬಿಸಿಲಿಗಿಟ್ಟರೆ ಕಾಗೆ ಎತ್ತಿಕೊಂಡು ಹೋಯಿತು. ನಗಬೇಡ. ಈಗ ಅಕ್ಕಿಯ ಡಬ್ಬಿ ರಾಗಿ ತುಂಬಿಡುವ ವಾಡೆಯ ಹಿಂದಿದೆ, ಸೋಪಿನ ಮೇಲೆ ಜರಡಿ ಕವುಚಿರುತ್ತೇನೆ.

ಯಾಕೆ ಉಳಿಸಬೇಕು ಅಂತ ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಏಪ್ರಿಲ್‌ನಲ್ಲಿ ಅಮ್ಮನನ್ನು ಚಿಂತಾಮಣಿಯ ಆಸ್ಪತ್ರೆಗೆ ಸೇರಿಸಿದಾಗ ನೋಡಲು ಹೋಗಿದ್ದೆ. ಕೈಯಲ್ಲಿ ಹೋಗುವ ಬಸ್ ಚಾರ್ಜು ಮಾತ್ರ ಇತ್ತು. ಅಮ್ಮ ಎಳನೀರು ಬೇಕು ಅಂದಳು. ನಾನು ಕೇಳಿಸದವಳಂತೆ ಕಿಟಕಿಯ ಕಡೆ ತಿರುಗಿದೆ. ವಾಪಸ್ ಬರಲು ಅತ್ತಿಗೆಯ ಮುಂದೆ ಕೈಚಾಚಿದೆ. ಅವರು ಕೊಟ್ಟರು, ಚೆನ್ನಾಗಿಯೇ ಕೊಟ್ಟರು. ಆದರೂ ಬಸ್ಸಿನಲ್ಲಿ ಚಿಕ್ಕಬಳ್ಳಾಪುರ ದಾಟುವವರೆಗೂ ಅಳುತ್ತಲೇ ಬಂದೆ.

ನನಗೆ ಒಂದು ಹಸು ಬೇಕು ಹಮೀದಾ. ನನ್ನದೇ ಹಸು. ಇಲ್ಲಿ ಹಾಲಿನ ಡೇರಿಯಲ್ಲಿ ಯಾರ ಹೆಸರಿಗೆ ಹಾಲು ಹಾಕುತ್ತಾರೋ ಅವರ ಕೈಗೇ ದುಡ್ಡು ಕೊಡುತ್ತಾರೆ. ಆ ಸಾಲಿನಲ್ಲಿ ನಾನೂ ನಿಲ್ಲಬೇಕು. ಇದನ್ನು ಮನೆಯಲ್ಲಿ ಹೇಳಿದರೆ ನಮ್ಮವರು ಖುಷಿಯಾಗಿ ಒಪ್ಪುತ್ತಾರೆ, ಮಾರನೇ ದಿನವೇ ಆ ದುಡ್ಡನ್ನು ಇನ್ಯಾರಿಗೋ ಕೊಟ್ಟುಬಿಡುತ್ತಾರೆ. ಅದಕ್ಕೇ ಹಳದಿ ಬಟ್ಟೆ ಕಟ್ಟಿದ್ದೇನೆ. ಅತ್ತೆ ನೋಡಿದರು, ಏನೂ ಕೇಳಲಿಲ್ಲ. ಹರಕೆಯ ವಿಷಯ ಯಾರನ್ನೂ ಕೇಳಬಾರದಂತೆ.

ನಿನ್ನ
ನರಸು


ಶಿಡ್ಲಘಟ್ಟ
20 ಸೆಪ್ಟೆಂಬರ್ 1987

ನರಸೂ,

ಕಾಗೆಯ ವಿಷಯ ಓದಿ ನಮ್ಮತ್ತೆಗೂ ಹೇಳಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಳನೀರಿನ ವಿಷಯ ಯಾರಿಗೂ ಹೇಳಲಿಲ್ಲ. ಅದನ್ನು ಓದಿ ಎದ್ದು ಹೋಗಿ ಸುಮ್ಮನೆ ಬಾವಿಕಟ್ಟೆಯ ಮೇಲೆ ಕೂತಿದ್ದೆ.

ಹಸು ಅಂತ ನೀನು ಬರೆದದ್ದೇ ತಡ, ನನಗೂ ಹುಚ್ಚು ಹಿಡಿದಿದೆ. ಜಂಗಮಕೋಟೆಯ ಮುನಿಶಾಮಪ್ಪ ಅಂತ ಒಬ್ಬರಿದ್ದಾರೆ, ಹಿಪ್ಪುನೇರಳೆ ತೋಟ ಇದೆ, ಹುಳ ಸಾಕುತ್ತಾರೆ. ಗೂಡು ಮಾರಲು ಮಾರ್ಕೆಟ್ಟಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಬಂದು ಟೀ ಕುಡಿದು ಹೋಗುತ್ತಾರೆ. ಅವರ ಹತ್ತಿರ ಒಂದು ಸೀಮೆ ಕಡಸು ಇದೆ, ಇನ್ನೂ ಒಂದು ಸಲವೂ ಕರು ಹಾಕಿಲ್ಲ. ಕರಿ ಬಿಳಿ ಮಚ್ಚೆ, ಹಣೆಯಲ್ಲಿ ಚಂದ್ರ. ಅರ್ಧ ದುಡ್ಡು ಮೊದಲು ಕೊಟ್ಟರೆ ಸಾಕು, ಉಳಿದರ್ಧ ಹಾಲು ಕರೆದು ತೀರಿಸಿದರಾಯಿತು ಅಂತ ಅವರ ಮಾತು. ಇವರ ಗುರುತಿನ ಮೇಲೆ ಅಷ್ಟು ನಂಬಿಕೆ.

ನೀನು ಉಳಿಸುವುದನ್ನು ಬಿಡಬೇಡ. ಕಡಲೆಕಾಯಿ ಸುಲಿಯುವ ಕೂಲಿ ನಿಮ್ಮ ಕಡೆ ಸಿಗುತ್ತದಲ್ಲ, ಮಧ್ಯಾಹ್ನ ಮಾತಾಡುತ್ತ ಕೂರುವ ಹೊತ್ತಿಗೆ ಬುಟ್ಟಿ ಮುಂದಿಟ್ಟುಕೋ. ಬಾಯಿಗೆ ಹರಟೆ, ಕೈಗೆ ಕೂಲಿ. ಸೇರಿದ ಚಿಲ್ಲರೆಯನ್ನು ಅಂಗಡಿಯಲ್ಲಿ ನೋಟು ಮಾಡಿಸಿಕೋ. ಚಿಲ್ಲರೆ ಇದ್ದರೆ ಗಂಟು ಸದ್ದು ಮಾಡುತ್ತದೆ, ನೋಟು ಬಾಯಿ ಬಿಡುವುದಿಲ್ಲ.

ನಿನ್ನ
ಹಮೀದಾ


ಮಂಚೇನಹಳ್ಳಿ
30 ಜನವರಿ 1988

ಹಮೀದಾ,

ಈ ಸಲ ನನ್ನ ಅಕ್ಷರ ನೋಡು, ಬಿದಿರು ಗಳ ನಿಂತ ಹಾಗೆ ನಿಂತಿದೆ.

ಸಂಕ್ರಾಂತಿಗೆ ಮುಂಚೆ ನಮ್ಮವರ ಜೊತೆ ಕೆಲಸ ಮಾಡುವವರೊಬ್ಬರಿಗೆ ಏನೋ ತುರ್ತು. ಇವರು ಮನೆಗೆ ಬಂದು ಅಕ್ಕಿ ಡಬ್ಬಿ, ಸಾಸಿವೆ ಡಬ್ಬಿ, ನನ್ನ ಟ್ರಂಕು ಎಲ್ಲ ತಡಕಿದರು. ಕೊನೆಗೆ ದೇವರ ಗೂಡಿನ ಮುಂದೆ ನಿಂತರು. ಗಂಟನ್ನು ಕಣ್ಣಿಗೆ ಒತ್ತಿಕೊಂಡು, ಹಾಗೇ ಇಟ್ಟು, “ಮನೇಲಿ ಒಂದು ಕಾಸೂ ಇಲ್ವಲ್ಲ ನರಸಮ್ಮ” ಅಂದರು. ನಾನು, “ಎಲ್ಲಿಂದ ಬರುತ್ತೆ ಹೇಳಿ” ಅಂದೆ. ನಿನ್ನ ತಲೆಗೆ ದೃಷ್ಟಿ ತೆಗೆಯಬೇಕು.

ಹೊಸ ಸೀರೆ ಇಲ್ಲದೆ ದೀಪಾವಳಿ ಆಯಿತು. ಚಿಕ್ಕಬಳ್ಳಾಪುರಕ್ಕೆ ಸಿನಿಮಾಕ್ಕೆ ಹೋಗೋಣ ಅಂತ ಇವರು ಕರೆದಾಗಲೆಲ್ಲ ನನಗೆ ತಲೆನೋವು ಬಂತು. ಈಗ ನಿಜವಾಗಿಯೂ ತಲೆನೋವು ಬಂದರೆ ಯಾರೂ ನಂಬುವುದಿಲ್ಲ. ಆದರೆ ಗಂಟು ಬಿಗಿಯಾಗಿದೆ. ಮುನಿಶಾಮಪ್ಪನವರು ಕೇಳಿದ ಅರ್ಧಕ್ಕೆ ಬಂದೇಬಿಟ್ಟಿದೆ ಅನ್ನು. ಯುಗಾದಿಗೆ ಬಂದು ಹಸು ಹಿಡಿದುಕೊಂಡು ಹೋಗುತ್ತೇನೆ ಅಂತ ಅವರಿಗೆ ಹೇಳಿಬಿಡು. ಹಿತ್ತಲಲ್ಲಿ ಗೂಟ ಎಲ್ಲಿ ಹೊಡೆಯಬೇಕು ಅಂತ ಕೂಡ ನೋಡಿಟ್ಟಿದ್ದೇನೆ.

ಅಣ್ಣನ ಮಗುವಿಗೆ ನಾಮಕರಣ. ಮುಂದಿನ ತಿಂಗಳ ಕೊನೆಗೆ ಚಿಂತಾಮಣಿಗೆ ಹೋಗುತ್ತೇನೆ. ಅಮ್ಮನಿಗೆ ಎಳನೀರು ನಾನೇ ಕೊಡಿಸುತ್ತೇನೆ, ಅದಕ್ಕೆ ಬೇರೆ ಎತ್ತಿಟ್ಟಿದ್ದೇನೆ.

ನಿನ್ನ
ನರಸು


ಶಿಡ್ಲಘಟ್ಟ
25 ಫೆಬ್ರವರಿ 1988

ನರಸೂ,

ಮುನಿಶಾಮಪ್ಪನವರು ಒಪ್ಪಿದ್ದಾರೆ. ಆದರೆ ಮೇಲೂರಿನ ಕಡೆಯವರೊಬ್ಬರು ಹೆಚ್ಚು ಕೊಡುತ್ತೇನೆ ಅಂತ ಹಿಂದೆ ಬಿದ್ದಿದ್ದಾರಂತೆ. “ಮಾತು ಕೊಟ್ಟೀನಿ ಕಣಮ್ಮ, ಯುಗಾದಿವರ್ಗೂ ಕಟ್ಟಿರ್ತೀನಿ. ಆಮೇಲೆ ನನ್ನ ಕೇಳ್ಬೇಡ” ಅಂದರು. ಕಡಸು ಈಗ ಗಬ್ಬ ಬೇರೆ. ಮಳೆಗಾಲದಲ್ಲಿ ಕರು ಹಾಕುತ್ತದೆ. ಇಂಥದ್ದು ಮತ್ತೆ ಸಿಗುವುದಿಲ್ಲ, ತಡ ಮಾಡಬೇಡ. ಯಾವ ದಿನ ಬರುತ್ತೀಯ ಅಂತ ಕೂಡಲೇ ಬರೆ. ನಾನೂ ಜಂಗಮಕೋಟೆಗೆ ಬರುತ್ತೇನೆ. ಬಸ್ಸಿನಲ್ಲಿ ಹೋಗೋಣ, ಇದೊಂದು ದಿನ ನಡೆಯುವುದು ಬೇಡ.

ನಿನ್ನ
ಹಮೀದಾ


ಮಂಚೇನಹಳ್ಳಿ
14 ಮಾರ್ಚ್ 1988

ಪ್ರಿಯ ಹಮೀದಾಳಿಗೆ,

ನಾವೆಲ್ಲ ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇನೆ. ಚಿಂತಾಮಣಿಗೆ ಹೋಗಿ ಬಂದೆ. ನಾಮಕರಣ ಚೆನ್ನಾಗಿ ಆಯಿತು. ನಾನು ಊರಲ್ಲಿಲ್ಲದಾಗ ನಮ್ಮತ್ತೆ ನೆಂಟರ ಜೊತೆ ತಿರುಪತಿಗೆ ಹೋಗಿ ಬಂದಿದ್ದಾರೆ. ಯಾರಾದರೂ ಆ ಕಡೆ ಬರುವವರಿದ್ದರೆ ಲಡ್ಡು ಕಳಿಸುತ್ತೇನೆ.

ಹಸುವಿನ ವಿಷಯ ಸದ್ಯಕ್ಕೆ ಬೇಡ ಅಂತ ಮಾಡಿದ್ದೇನೆ. ಹಿತ್ತಲಲ್ಲಿ ಜಾಗವೂ ಸಾಲದು. ಮುನಿಶಾಮಪ್ಪನವರು ಬೇರೆಯವರಿಗೆ ಕೊಟ್ಟುಕೊಳ್ಳಲಿ. ನಿನಗೆ ತೊಂದರೆ ಕೊಟ್ಟೆ, ತಪ್ಪು ತಿಳಿಯಬೇಡ.

ಇಂತು
ಲಕ್ಷ್ಮೀನರಸಮ್ಮ


ಶಿಡ್ಲಘಟ್ಟ
22 ಮಾರ್ಚ್ 1988
(ಕಾರ್ಡು)

ಲಕ್ಷ್ಮೀನರಸಮ್ಮನವರಿಗೆ,

ನನಗೂ ಹೀಗೆ ಬರೆಯಲು ಬರುತ್ತದೆ. ಇನ್‌ಲ್ಯಾಂಡ್ ತರಲು ಅಂಚೆ ಕಚೇರಿಯವರೆಗೆ ಹೋಗುವಷ್ಟು ತಾಳ್ಮೆ ಇಲ್ಲ, ಮನೆಯಲ್ಲಿ ಕಾರ್ಡಿತ್ತು. ಹಿತ್ತಲಲ್ಲಿ ಜಾಗ ಇಲ್ಲವಂತೆ. ಜನವರಿಯಲ್ಲಿ ಗೂಟ ಹೊಡೆಯಲು ಇದ್ದ ಜಾಗ ಮಾರ್ಚಿನಲ್ಲಿ ಎಲ್ಲಿ ಹೋಯಿತು? ಮುಡುಪು ಅಂತ ಸುಳ್ಳು ಹೆಸರಿಟ್ಟು ಹಳದಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಹಸುವಿನ ದುಡ್ಡು ಏನಾಯಿತು? ಯಜಮಾನರ ಮುಖ ನೋಡಿ ಕರಗಿ ಕೊಟ್ಟೆ ಅಲ್ಲವೇ? ಇಲ್ಲ ರೇಷ್ಮೆ ಸೀರೆಯೋ? ನನ್ನ ಮಾತಿನ ಮೇಲೆ ಆ ಮನುಷ್ಯ ಬಂದ ಗಿರಾಕಿಯನ್ನು ವಾಪಸ್ ಕಳಿಸಿದ್ದಾರೆ. ಎಳನೀರಿಗೆ ಅತ್ತವಳು ನೀನೇನಾ ಅಂತ ಯೋಚನೆ ಬರುತ್ತಿದೆ.

ಹಮೀದಾ ಬೇಗಂ


ಮಂಚೇನಹಳ್ಳಿ
12 ಏಪ್ರಿಲ್ 1988

ಹಮೀದಾ,

ನಿನ್ನಿಂದ ಒಂದು ಸಾಲೂ ಇಲ್ಲ. ಕೋನಪ್ಪ ಬೀದಿಯಲ್ಲಿ ಬಂದಾಗಲೆಲ್ಲ ಬಾಗಿಲಿಗೆ ಬರುತ್ತೇನೆ. ಅವನು ತಲೆ ತಗ್ಗಿಸಿಕೊಂಡು ಹೋಗಿಬಿಡುತ್ತಾನೆ. ನನ್ನ ಹಿಂದಿನ ಪತ್ರ ಓದಿ ಕೋಪ ಬಂದಿರಬೇಕು. ಬರಲೇಬೇಕು. ಅದರಲ್ಲಿ ನಾನು ನಿಜ ಬರೆದಿರಲಿಲ್ಲ.

ಚಿಂತಾಮಣಿಯಿಂದ ನಾನು ಬಂದ ದಿನ ಅತ್ತೆ ಹೊಸ್ತಿಲಲ್ಲೇ ನಿಂತಿದ್ದರು. ಮೊದಲು ಗುರುತೇ ಸಿಗಲಿಲ್ಲ. ತಲೆ ಬೋಳು, ಮೇಲೆ ಗಂಧ. ಕೈಗೆ ಲಡ್ಡು ಕೊಟ್ಟು, ನನ್ನ ಗಲ್ಲ ಹಿಡಿದುಕೊಂಡು ಹೇಳಿದರು.

“ನಿನ್ ಹರಕೆ ನಾನೇ ತೀರ್ಸ್‌ಬಿಟ್ಟೆ ಕಣಮ್ಮ. ಮದ್ವೆ ಆಗಿ ಮೂರು ವರ್ಷ ಆಯ್ತು, ನೀನೂ ಬಾಯ್ಬಿಡ್ಲಿಲ್ಲ, ನಾನೂ ಕೇಳ್ಳಿಲ್ಲ. ಗೂಡಲ್ಲಿ ಗಂಟು ನೋಡ್ದಾಗ್ಲೇ ತಿಳೀತು, ಮಗೂಗೋಸ್ಕರ ಒಳಗೇ ಎಷ್ಟು ಕೊರಗ್ತಿದ್ದೀಯ ಅಂತ. ನನ್ ಹರಕೆ ಚೊಂಬು ಇನ್ನೂ ತುಂಬಿಲ್ಲ, ನಿನ್ ಗಂಟು ತುಂಬೈತೆ. ಬಿಚ್ಚಿ ಕೂಡ ನೋಡ್ದೆ ಹಂಗೇ ಹುಂಡಿಗೆ ಹಾಕ್ದೆ. ನಿನ್ ಬದ್ಲು ಮುಡೀನೂ ನಾನೇ ಕೊಟ್ಟೆ. ನಿಂದು ಉದ್ದ ಕೂದ್ಲು ನನ್ ತಾಯಿ, ಅದ್ಯಾಕೆ ಹೋಗ್ಬೇಕು.”

ಹಮೀದಾ, ನಾನು ಏನು ಹೇಳಲಿ? ಅದು ಹಸುವಿನ ದುಡ್ಡು ಅಂತ ಆ ತಲೆಯನ್ನು ನೋಡಿಕೊಂಡು ಹೇಗೆ ಹೇಳಲಿ? ಕಾಲಿಗೆ ಬಿದ್ದೆ. ಭಕ್ತಿಯಿಂದ ಬಿದ್ದೆ ಅಂದುಕೊಂಡರು. ಹಿತ್ತಲಿಗೆ ಹೋಗಿ ಗೂಟದ ಜಾಗ ನೋಡಿಕೊಂಡು ಅತ್ತುಬಿಟ್ಟೆ. ಸಂತೋಷಕ್ಕೆ ಅಳುತ್ತಿದ್ದೇನೆ ಅಂದುಕೊಂಡು ನಮ್ಮವರು ಬಂದು ಬೆನ್ನು ಸವರಿದರು. ಹಿಡಿ ಹಿಡಿಯಾಗಿ ಕೂಡಿಟ್ಟದ್ದು ಒಂದೇ ಸಲಕ್ಕೆ ಹೋಯಿತಲ್ಲ ಅನ್ನುವ ಸಂಕಟ ಒಂದು ಕಡೆ. ನನಗೋಸ್ಕರ ಕೂದಲು ಕೊಟ್ಟ ಅತ್ತೆಯ ಎದುರಿಗೆ ನಾನು ಸುಳ್ಳಿ ಅನ್ನುವ ಸಂಕಟ ಇನ್ನೊಂದು ಕಡೆ. ಯಾವುದು ದೊಡ್ಡದು ಅಂತ ಗೊತ್ತಾಗುತ್ತಿಲ್ಲ.

ಈಗ ಎರಡು ವಾರದಿಂದ ಅವರೂ ಯಾಕೋ ಸುಮ್ಮನಾಗಿದ್ದಾರೆ. ತಲೆಯ ಮೇಲೆ ಸೆರಗು ಹೊದ್ದುಕೊಂಡು ಕೂರುತ್ತಾರೆ, ನನ್ನ ಮುಖವನ್ನೇ ನೋಡುತ್ತಾರೆ. ಏನಾದರೂ ಬೇಕಾ ಅತ್ತೆ ಅಂದರೆ ತಲೆ ಆಡಿಸುತ್ತಾರೆ. ಬಿಸಿಲು ಹೆಚ್ಚಾಗಿದೆ, ಅದಕ್ಕಿರಬೇಕು.

ಮತ್ತೆ ಹಿಡಿ ಅಕ್ಕಿ ಎತ್ತಿಡಲು ಶುರು ಮಾಡಿದ್ದೇನೆ. ಆದರೆ ಆ ಕಡಸು ಮಾತ್ರ ಹೋಯಿತು. ಒಂದೇ ಒಂದು ಸಾಲಾದರೂ ಬರೆ.

ನಿನ್ನ
ನರಸು


ಶಿಡ್ಲಘಟ್ಟ
20 ಏಪ್ರಿಲ್ 1988

ನರಸೂ, ನನ್ನ ನರಸೂ,

ನಾನು ಬರೆದಿದ್ದೆ ಕಣೇ. ಮಾರ್ಚಿನಲ್ಲೇ ಬರೆದೆ. ಕೋಪದಲ್ಲಿ ಬರೆದೆ, ಕಾರ್ಡಿನಲ್ಲಿ ಬರೆದೆ. ಹಳದಿ ಬಟ್ಟೆ, ಸುಳ್ಳು ಹೆಸರು, ಹಸುವಿನ ದುಡ್ಡು, ಎಲ್ಲ ಅದರಲ್ಲಿದೆ. ಅದು ನಿನ್ನ ಕೈಗೆ ಬಂದಿಲ್ಲ ಅಂದರೆ ಯಾರ ಕೈಗೆ ಹೋಗಿದೆ, ಜಗಲಿಯ ಮೇಲೆ ಮಜ್ಜಿಗೆ ಕುಡಿದು ಯಾರು ಓದಿದ್ದಾರೆ ಅಂತ ನಿನಗೇ ಗೊತ್ತಾಗುತ್ತದೆ. ನಿಮ್ಮತ್ತೆ ಸುಮ್ಮನಾಗಿರುವುದು ಬಿಸಿಲಿಗಲ್ಲ. ಕಾಸು ಉಳಿಸಿ ಅಂತ ಊರಿಗೆಲ್ಲ ಬುದ್ಧಿ ಹೇಳುವವಳು, ಉಳಿಸಬಾರದ ಕಡೆ ಉಳಿಸಿದೆ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ನಿನ್ನ ಪತ್ರ ಓದಿ ಅಳುತ್ತ ಕೂತಿದ್ದೆ, ನಮ್ಮತ್ತೆ ಕೇಳಿದರು. ಎಲ್ಲ ಹೇಳಿದೆ, ನನ್ನ ಹಸಿರು ಗಂಟಿನ ವಿಷಯವನ್ನೂ ಹೇಳಿದೆ. ಅವರು ನಕ್ಕರು. ನಾನು ಗಂಟು ಕಟ್ಟಿದ ಮೊದಲ ತಿಂಗಳೇ ಅವರಿಗೆ ತಿಳಿದಿತ್ತಂತೆ. ಇವರು ಅದರ ಹತ್ತಿರ ಹೋದಾಗಲೆಲ್ಲ, ದರ್ಗಾದ್ದು, ಮುಟ್ಟಬೇಡ ಅಂತ ಅವರೇ ಗದರಿಸಿ ಕಳಿಸುತ್ತಿದ್ದರಂತೆ. ಇಷ್ಟು ದಿನ ನನ್ನ ಜಾಣತನ ಅಂದುಕೊಂಡಿದ್ದೆ. ಅದು ಅತ್ತೆಯ ಕಾವಲು. ನಿನಗೆ ಬಟ್ಟೆಯ ಬಣ್ಣ ಹೇಳಿಕೊಟ್ಟೆ, ಕಾವಲಿಗೆ ಒಬ್ಬರು ಬೇಕು ಅನ್ನುವುದು ನನಗೇ ಗೊತ್ತಿರಲಿಲ್ಲ.

ಈಗ ಒಳ್ಳೆಯ ಸುದ್ದಿ. ಕಡಸು ಹೋಗಿಲ್ಲ. ಯುಗಾದಿಯ ಹಿಂದಿನ ದಿನ ನನ್ನ ಗಂಟು ಬಿಚ್ಚಿ ಮುನಿಶಾಮಪ್ಪನವರಿಗೆ ಅಡ್ವಾನ್ಸ್ ಕೊಟ್ಟೆ. ಕಾರ್ಡಿನಲ್ಲಿ ಅಷ್ಟೆಲ್ಲ ಬೈದೆನಲ್ಲ, ಇದನ್ನು ಮಾತ್ರ ಬರೆಯಲಿಲ್ಲ. ಬೈದ ಮೇಲೆ ಹೇಳಲು ನಾಚಿಕೆಯಾಯಿತು. ಮೇ ತಿಂಗಳ ಕೊನೆಯವರೆಗೆ ಕಟ್ಟಿಕೊಂಡಿರುತ್ತಾರೆ. ಅಷ್ಟರೊಳಗೆ ಏನಾದರೂ ಮಾಡೋಣ.

ರಂಜಾನ್ ಶುರುವಾಗಿದೆ. ನಿನಗೋಸ್ಕರವೂ ಕೇಳಿಕೊಳ್ಳುತ್ತಿದ್ದೇನೆ. ಮೊದಲು ಹೋಗಿ ನಿಮ್ಮತ್ತೆಯ ಹತ್ತಿರ ಕೂತು ನಿಜ ಹೇಳು. ಈ ಒಂದು ಮಾತನ್ನು ಕೂಡಿಡಬೇಡ.

ನಿನ್ನ
ಹಮೀದಾ


ಮಂಚೇನಹಳ್ಳಿ
9 ಮೇ 1988

ಹಮೀದಾ,

ನಿನ್ನ ಪತ್ರ ಓದಿ, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತೆಯ ಹತ್ತಿರ ಹೋದೆ. ಅವರು ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ನಾನೂ ಕೂತು ಒಂದು ಹಿಡಿ ತೆಗೆದುಕೊಂಡೆ. “ಅತ್ತೆ, ಅದು ಹರಕೆ ಅಲ್ಲ” ಅಂದೆ.

ಅವರು ಎದ್ದು ಹೋಗಿ ಅರಿಶಿನದ ಡಬ್ಬಿಯ ಕೆಳಗಿಂದ ನಿನ್ನ ಕಾರ್ಡು ತಂದು ನನ್ನ ಮಡಿಲಿಗೆ ಹಾಕಿದರು.

“ನೀನೇ ಬಂದು ಹೇಳ್ತೀಯ ಅಂತ ಕಾಯ್ತಾ ಇದ್ದೆ. ಕೋನಪ್ಪನ ಬಾಯಿ ನಾನೇ ಮುಚ್ಚಿಸ್ದೆ. ಮೊದ್ಲು ಉರಿ ಬಂತು, ಸುಳ್ಳು ಹೇಳ್ಬಿಟ್ಳಲ್ಲ ಅಂತ. ಆಮೇಲೆ ಯೋಚ್ನೆ ಮಾಡ್ದೆ. ಗಂಟು ಹೋಗೈತೆ, ಕೇಳೋಕೆ ಬಾಯಿ ಇಲ್ಲ ನಿಂಗೆ. ನನ್ನ ಬೋಳು ತಲೆ ನೋಡಿ ಸುಮ್ನಾಗಿದ್ದೀಯ. ಅದು ಸುಳ್ಳಿಯ ಬುದ್ಧಿ ಅಲ್ಲ ಕಣಮ್ಮ.”

ನಾನು ಅಳುತ್ತಿದ್ದೆ. ಅವರು ಒಳಗೆ ಹೋಗಿ ಒಂದು ಹಿತ್ತಾಳೆ ಚೊಂಬು ತಂದರು. ಬಾಯಿಗೆ ಹಳದಿ ಬಟ್ಟೆ ಕಟ್ಟಿತ್ತು. ನಮ್ಮವರಿಗೆ ಮಿಲ್ಲಿನಲ್ಲಿ ಕೆಲಸ ಸಿಕ್ಕಲಿ ಅಂತ ಅವರು ಹೊತ್ತ ಹರಕೆ ಅದು. ಚೊಂಬು ತುಂಬಿದ ಮೇಲೆ ಒಪ್ಪಿಸುತ್ತೇನೆ ಅಂತ ವರ್ಷಗಳಿಂದ ಹಾಕುತ್ತ ಬಂದಿದ್ದಾರೆ.

“ಸ್ವಾಮಿಗೆ ನಾನು ಕೊಡ್ಬೇಕಾಗಿತ್ತು. ನಿನ್ ದುಡ್ಡಲ್ಲಿ ಕೊಟ್ಟಾಯ್ತು. ಅವ್ನ ಬಾಕಿ ತೀರ್ತು. ಈಗ ಇದು ನಿಂದು. ಎಣಿಸ್ಬೇಡ, ನಾನೂ ಎಣಿಸಿಲ್ಲ.”

ಹಾಗೆ ಅದಲು ಬದಲು ಮಾಡಬಹುದಾ ಅತ್ತೆ ಅಂದೆ. ನನಗೆ ನಿಜವಾಗಿಯೂ ಭಯವಾಗಿತ್ತು.

“ಯಾವ ಬಟ್ಟೇಲಿ ಯಾರ ಕಾಸು ಬಂತು ಅಂತ ಹುಂಡಿ ಮುಂದೆ ಕೂತು ನೋಡೋ ದೇವ್ರಲ್ಲ ಅವ್ನು. ಮುಡಿ ಮಾತ್ರ ನಂದು, ನಿನ್ ಹೆಸ್ರಲ್ಲಿ ಕೊಟ್ಟಿದ್ದು. ಅದನ್ನ ವಾಪಸ್ ತಗೊಳಲ್ಲ. ಮಗೂಗೋಸ್ಕರ ಕೇಳಿದ್ದು ಕೇಳ್ದಂಗೇ ಇರ್ಲಿ” ಅಂದು ಮತ್ತೆ ಹುಣಸೆಹಣ್ಣಿಗೆ ಕೂತರು.

ಸಂಜೆ ನಮ್ಮವರಿಗೂ ಹೇಳಿದೆವು, ಎಳನೀರಿನ ವಿಷಯವನ್ನೂ ಹೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ. ತುಂಬ ಹೊತ್ತು ಜಗಲಿಯ ಮೇಲೆ ಕೂತಿದ್ದು ಒಳಗೆ ಬಂದು, ಈ ತಿಂಗಳ ಸಂಬಳದ ಕವರನ್ನು ಒಡೆಯದೆ ನನ್ನ ಕೈಗಿಟ್ಟರು. ಈಗ ಯಾರಾದರೂ ಕೈಸಾಲ ಕೇಳಿದರೆ, “ನಮ್ಮ ಮನೆಯವ್ಳನ್ನ ಕೇಳಿ” ಅನ್ನುತ್ತಾರಂತೆ. ಇಲ್ಲಿಯವರೆಗೆ ಒಬ್ಬರೂ ಬಂದು ನನ್ನನ್ನು ಕೇಳಿಲ್ಲ.

ಕಡಸನ್ನು ತರಲು ಅವರೇ ಜಂಗಮಕೋಟೆಗೆ ಬರುತ್ತಾರೆ. ಟೆಂಪೋ ಬಾಡಿಗೆ ಯಾಕೆ ದಂಡ, ನಡೆಸಿಕೊಂಡು ಬರುತ್ತೇನೆ, ಮುದ್ದೇನಹಳ್ಳಿಯಲ್ಲಿ ನೆಂಟರ ಕೊಟ್ಟಿಗೆಯಲ್ಲಿ ಒಂದು ರಾತ್ರಿ ಇದ್ದರಾಯಿತು ಅಂದರು. ಈ ಮನುಷ್ಯನ ಬಾಯಲ್ಲಿ ‘ದಂಡ’ ಅನ್ನುವ ಮಾತು ಕೇಳಿ ಅತ್ತೆಯೂ ನಾನೂ ಮುಖ ಮುಖ ನೋಡಿಕೊಂಡೆವು.

ನಿನ್ನ
ನರಸು


ಮಂಚೇನಹಳ್ಳಿ
26 ಆಗಸ್ಟ್ 1988
(ಕಾರ್ಡು)

ಹಮೀದಮ್ಮಂಗೆ ಅಮ್ಮಾಜಮ್ಮ ಮಾಡೋ ಆಶೀರ್ವಾದ.

ಬರೀತಿರೋಳು ನಿನ್ ಸ್ನೇಹಿತೆ, ಹೇಳ್ತಿರೋಳು ನಾನು. ಹೇಳ್ದಂಗೇ ಬರೀಬೇಕು ಅಂತ ಕೋನಪ್ಪನ್ನ ಪಕ್ಕದಲ್ಲಿ ಕೂರ್ಸ್ಕೊಂಡಿದ್ದೀನಿ. ಹಸು ಹೆಣ್ಗರು ಹಾಕೈತೆ. ಹೋದ್ವಾರ ನರಸಮ್ಮ ಡೇರಿ ಸಾಲಲ್ಲಿ ನಿಂತು ಅವ್ಳ ಹೆಸ್ರಲ್ಲೇ ದುಡ್ಡು ಇಸ್ಕೊಂಡ್ಳು. ಅವತ್ತೇ ಬಸ್ ಹತ್ತಿ ಚಿಂತಾಮಣಿಗೆ ಹೋಗಿ ಅವ್ರಮ್ಮಂಗೆ ಎಳ್ನೀರು ಕುಡ್ಸಿ ಬಂದ್ಳು. ಹೋಗೋ ಬರೋ ಚಾರ್ಜು ಎರಡೂ ಅವ್ಳದೇ. ನನ್ ಕೂದ್ಲು ಕಿವಿವರ್ಗೂ ಬಂದೈತೆ.

ನಿನ್ ಅಡ್ವಾನ್ಸ್ ದುಡ್ಡು ಕೂಡಿಟ್ಟಿದ್ದೀವಿ. ಮನಿಆರ್ಡರ್ ಮಾಡ್ತೀನಿ ಅಂತಾಳೆ ಇವ್ಳು, ನಾನು ಬೇಡ ಅಂದೆ. ನೀನೇ ಬಂದು ತಗೊಂಡ್ಹೋಗು, ಜಾನ್ ಬೀ ಅಮ್ಮನ್ನೂ ಕರ್ಕೊಂಡ್ ಬಾ. ಮನಿಆರ್ಡರ್‌ಗಿಂತ ಬಸ್ ಚಾರ್ಜೇ ಜಾಸ್ತಿ ಆಗುತ್ತೆ ಅಂತ ನಿನ್ ಸ್ನೇಹಿತೆ ಗೊಣಗ್ತಾವ್ಳೆ. ಆಗ್ಲಿ ಬಿಡು.

ಇನ್ಮೇಲೆ ಏನಿದ್ರೂ ಕಾರ್ಡಲ್ಲೇ ಬರಿ. ಈ ಮನೇಲಿ ಮುಚ್ಚಿಡೋಂಥದ್ದು ಏನೂ ಇಲ್ಲ, ಕಾಸೂ ಉಳಿಯುತ್ತೆ.